ಕೈಗುಣದ ಪತ್ರ

ದಾಕ್ಷಾಯಣಿಯ ಶಿಫಾರಸು ಪತ್ರಕ್ಕೆ ಶಿವಮೊಗ್ಗದಲ್ಲಿ ಒಳ್ಳೆಯ ಹೆಸರಿತ್ತು. ಹತ್ತು ವರ್ಷದ ಹಿಂದೆ ಅವಳು ಅದನ್ನು ಮೊದಲು ಬರೆದುಕೊಟ್ಟದ್ದು ಮನೋಹರ ಎಂಬ ಹುಡುಗನಿಗೆ. ರಾಷ್ಟ್ರೀಯ ಸೇವಾವರ್ಷ ಯೋಜನೆಯ ಮೊದಲ ತಂಡದ ಸ್ವಯಂಸೇವಕ ಅವನು. ಎರಡು ವರ್ಷ ಹಳ್ಳಿ ಹಳ್ಳಿ ತಿರುಗಿ, ಅವಧಿ ಮುಗಿದ ದಿನ ‘ಇನ್ನು ಏನ್ ಮಾಡ್ಲಿ ಮೇಡಂ’ ಎಂದು ಅವಳ ಟೇಬಲ್ಲಿನ ಎದುರು ಕೂತುಬಿಟ್ಟಿದ್ದ. ದಾಕ್ಷಾಯಣಿ ಒಂದು ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡು, ನಾಲ್ಕು ಹಾಳೆ ಹರಿದು, ಐದನೆಯದರಲ್ಲಿ ಪತ್ರ ಮುಗಿಸಿದಳು. ಹದಿನೈದೇ ದಿನಕ್ಕೆ ಅವನಿಗೆ ಒಂದು ಸಹಕಾರಿ ಸಂಘದಲ್ಲಿ ಕೆಲಸ ಸಿಕ್ಕಿತು. ಮುಂದಿನ ತಂಡದ ಇಬ್ಬರಿಗೆ ಅದೇ ಪತ್ರವನ್ನು ಹೆಸರು ಬದಲಿಸಿ ಕೊಟ್ಟಳು. ಅವರಿಗೂ ಸಿಕ್ಕಿತು. ಮೇಡಂ ಕೈಗುಣ ಚೆನ್ನಾಗಿದೆ ಎಂದು ಹುಡುಗರು ಹೇಳತೊಡಗಿದರು, ಮೇಡಂ ಅದನ್ನು ನಂಬಿದಳು.

ಕೈಗುಣ ಎಂದಮೇಲೆ ಅದರಲ್ಲಿ ಒಂದಕ್ಷರವನ್ನೂ ಅತ್ತಿತ್ತ ಮಾಡುವಂತಿಲ್ಲವಲ್ಲ. ‘ನನ್ನ ಸೇವಾವಧಿಯಲ್ಲಿ ನಾನು ಕಂಡ ಅತ್ಯುತ್ತಮ ಸ್ವಯಂಸೇವಕರೆಂದರೆ ಇವರೇ. ಇವರ ಶಿಸ್ತು, ಸಮಯಪಾಲನೆ ಮತ್ತು ವಿಧೇಯತೆ ಇತರರಿಗೆ ಮಾದರಿ.’ ಹುಡುಗನಾದರೂ ಸರಿ, ಹುಡುಗಿಯಾದರೂ ಸರಿ, ‘ಇವರು’ ಎಂದರೆ ಎಲ್ಲರೂ ಅದರಲ್ಲಿ ಹಿಡಿಯುತ್ತಾರೆ. ಹೀಗೆ ಹತ್ತು ವರ್ಷದಲ್ಲಿ ಜಿಲ್ಲೆಯ ಏಳು ತಾಲ್ಲೂಕುಗಳಿಂದ ಹತ್ತಿರ ಹತ್ತಿರ ಅರವತ್ತು ಮಂದಿ, ಒಬ್ಬೊಬ್ಬರೂ ಎಲ್ಲರಿಗಿಂತ ಅತ್ಯುತ್ತಮರಾಗಿ, ಅವಳ ಕಚೇರಿಯಿಂದ ಹೊರಬಿದ್ದಿದ್ದರು.

ಹಾಗೆಂದು ಅವಳು ಮೈಗಳ್ಳಿಯಲ್ಲ. ಯೋಜನೆಯ ಜಿಲ್ಲಾ ಕಚೇರಿಯಲ್ಲಿ ಕಾರ್ಯಕ್ರಮ ಸಹಾಯಕಿ ಎಂಬುದು ಅವಳ ಹುದ್ದೆ. ಮಾಡುತ್ತಿದ್ದದ್ದು ತಾಲ್ಲೂಕಿಗೆ ಇಬ್ಬರಂತೆ ತಂಡದಲ್ಲಿದ್ದ ಹದಿನಾಲ್ಕು ಮಕ್ಕಳ ತಾಯಿಯ ಕೆಲಸ. ಗೌರವಧನ ತಡವಾದರೆ ಮೇಲಿನವರಿಗೆ ಫೋನು ಹಚ್ಚಿ ಪೀಡಿಸುವವಳು ಅವಳು. ಸೊರಬದ ಹುಡುಗನಿಗೆ ಕಾಮಾಲೆಯಾದಾಗ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂರು ದಿನ ಗಂಜಿ ಹೊತ್ತವಳೂ ಅವಳೇ. ಅವಧಿ ಮುಗಿಯಲು ಮೂರು ತಿಂಗಳಿದೆ ಎನ್ನುವಾಗ ಒಬ್ಬೊಬ್ಬರನ್ನೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ತಾನು ಕನ್ನಡಕ ಏರಿಸಿಕೊಂಡು ಅಧಿಕಾರಿಯ ಗತ್ತಿನಲ್ಲಿ ‘ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ’ ಎಂದು ಸಂದರ್ಶನದ ತಾಲೀಮು ನಡೆಸುತ್ತಿದ್ದಳು. ಯಾರಾದರೂ ಕಾಲು ಅಲ್ಲಾಡಿಸಿದರೆ ಸ್ಕೇಲಿನಿಂದ ಟೇಬಲ್ ಕುಟ್ಟುತ್ತಿದ್ದಳು. ಎಲ್ಲ ಮಾಡುತ್ತಿದ್ದಳು. ಆ ಪತ್ರವೊಂದನ್ನು ಮಾತ್ರ ಹೊಸದಾಗಿ ಬರೆಯುತ್ತಿರಲಿಲ್ಲ.

ಈ ವರ್ಷ ಮಾರ್ಚ್ ಕೊನೆಗೆ ಆರನೇ ತಂಡದ ಅವಧಿ ಮುಗಿಯುವುದರಲ್ಲಿತ್ತು. ‘ಕೈದೀಪ’ ಎಂಬ ಸಂಸ್ಥೆ ಭದ್ರಾವತಿಯಲ್ಲಿ ಕೆಲಸ ಮಾಡಲು ಒಬ್ಬರನ್ನು ಹುಡುಕುತ್ತಿತ್ತು. ವಿಧವೆಯರು, ವಯಸ್ಸಾದವರು, ಕಾಗದಪತ್ರ ಸರಿಯಿಲ್ಲದೆ ಪಿಂಚಣಿ ಸಿಗದವರು, ಇಂಥವರ ಜೊತೆ ಓಡಾಡುವ ಕೆಲಸ. ಸಂಬಳವೂ ಪರವಾಗಿರಲಿಲ್ಲ. ದಾಕ್ಷಾಯಣಿಯ ತಂಡದಿಂದ ಇಬ್ಬರು ಅರ್ಜಿ ಹಾಕಿದರು, ಹೊಳಲೂರಿನ ದುಶ್ಯಂತ್ ಮತ್ತು ಭದ್ರಾವತಿ ಜನ್ನಾಪುರದ ಮೋನಿಕಾ. ಇಬ್ಬರೂ ಪತ್ರ ಕೇಳಿದರು, ಇಬ್ಬರಿಗೂ ಕೊಟ್ಟಳು. ಎರಡೂ ಒಂದೇ ಮೇಜಿನ ಮೇಲೆ ಹೋಗಿ ಬೀಳುತ್ತವೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಸಂದರ್ಶನ ಮುಗಿದ ಮಾರನೆಯ ದಿನ, ಮಂಗಳವಾರ, ಕೈದೀಪದ ಕಾರ್ಯದರ್ಶಿ ವಿಜಯೇಂದ್ರ ಫೋನ್ ಮಾಡಿ, ‘ಬಿಡುವಾದಾಗ ಬಂದು ಹೋಗಿ ಮೇಡಂ’ ಎಂದರು. ನಿವೃತ್ತ ಉಪನ್ಯಾಸಕರು, ಏರುದನಿಯಲ್ಲಿ ಮಾತಾಡುವವರಲ್ಲ. ದಾಕ್ಷಾಯಣಿ ವಿನೋಬನಗರದ ಅವರ ಕಚೇರಿಗೆ ಹೋದಾಗ ಮೇಜಿನ ಮೇಲೆ ಎರಡು ಪತ್ರಗಳು ಅಕ್ಕಪಕ್ಕ ಇದ್ದವು. ಅವಳಿಗೆ ಬಾಗಿಲಲ್ಲೇ ಅರ್ಥವಾಯಿತು.

‘ಇಬ್ಬರೂ ಅತ್ಯುತ್ತಮ ಅಂತ ಬರ್ದಿದೀರಿ,’ ಎಂದರು ವಿಜಯೇಂದ್ರ ನಗುತ್ತ. ‘ನಮ್ಮಲ್ಲಿರೋದು ಒಂದೇ ಪೋಸ್ಟು.’

‘ಇಬ್ಬರೂ ಒಳ್ಳೇ ಮಕ್ಕಳೇ ಸಾರ್.’

‘ಇರಬಹುದು. ಹುಡುಗ ಚೆನ್ನಾಗಿ ಮಾತಾಡಿದ, ಕಮಿಟಿಯವರಿಗೆ ಹಿಡಿಸಿದಾನೆ. ನಂಗೆ ತಲೆ ಕೆಡ್ತಿರೋದು ಈ ಹುಡುಗಿ ವಿಷಯ.’ ಅವರು ಮೋನಿಕಾಳ ಸೇವಾ ವಿವರದ ಹಾಳೆ ಎತ್ತಿಕೊಂಡರು. ‘ಪತ್ರದಲ್ಲಿ ವಿಧೇಯತೆಗೆ ಮಾದರಿ ಅಂತಿದೆ. ಇಲ್ಲಿ ನೋಡಿದ್ರೆ ಹೋದ ಜುಲೈನಲ್ಲಿ ಮೆಮೊ. ಮೇಲಧಿಕಾರಿಗಳ ಸೂಚನೆಯ ಉಲ್ಲಂಘನೆ. ಎರಡೂ ನಿಮ್ಮ ಕಚೇರಿದೇ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ?’

ದಾಕ್ಷಾಯಣಿ ಸೀರೆಯ ಸೆರಗನ್ನು ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

‘ಮೆಮೊ ಯಾಕಮ್ಮ ಅಂತ ಅವಳನ್ನೇ ಕೇಳಿದ್ವಿ,’ ಎಂದರು ವಿಜಯೇಂದ್ರ. ‘ಮೂರು ಸಲ ಕೇಳಿದ್ವಿ. ಮೂರು ಸಲಾನೂ ಒಂದೇ ಉತ್ತರ, ನಮ್ಮ ಮೇಡಂನ ಕೇಳಿ ಅಂತ. ಅದಕ್ಕೇ ನಿಮ್ಮನ್ನ ಕೇಳ್ತಾ ಇದೀನಿ. ಶುಕ್ರವಾರ ಕಮಿಟಿ ಕೂರುತ್ತೆ. ಅಷ್ಟರಲ್ಲಿ ಏನಾದ್ರೂ ಹೇಳೋದಿದ್ರೆ ಹೇಳಿ. ಇಲ್ಲಾಂದ್ರೆ ಹುಡುಗನ್ನ ತಗೊಳ್ತೀವಿ.’

‘ಬರೆದು ಕೊಡ್ತೀನಿ ಸಾರ್,’ ಎಂದು ಎದ್ದಳು. ಅಲ್ಲೇ ಬಾಯಿಬಿಟ್ಟು ಹೇಳಿದ್ದರೆ ಎರಡು ನಿಮಿಷದ ಮಾತು.

ಜುಲೈನಲ್ಲಿ ನಡೆದದ್ದು ಇಷ್ಟು. ಎರಡನೇ ಶನಿವಾರ ಜಿಲ್ಲೆಯ ಹದಿನಾಲ್ಕು ಕಡೆಯೂ ಏಕಕಾಲಕ್ಕೆ ಡೆಂಗ್ಯೂ ಜಾಗೃತಿ ಜಾಥಾ ಆಗಬೇಕೆಂದು ಆದೇಶವಿತ್ತು. ಆದೇಶ ಬಂದಮೇಲೆ ಮೊದಲ ಕೆಲಸ ಬ್ಯಾನರ್. ಊರಿನ ಹೆಸರಿನ ಜಾಗ ಖಾಲಿ ಬಿಟ್ಟು ಎಲ್ಲ ಬ್ಯಾನರುಗಳನ್ನೂ ಒಟ್ಟಿಗೆ ಪ್ರಿಂಟ್ ಹಾಕಿಸಿ, ಆಮೇಲೆ ಆಯಾ ಊರಿನ ಹೆಸರಿನ ಕಾಗದ ಅಂಟಿಸುವುದು ಕಚೇರಿಯ ರೂಢಿ. ಬ್ಯಾನರ್ ಹಿಡಿದ ಫೋಟೋ ಬಂದರೆ ಕಾರ್ಯಕ್ರಮ ಆಯಿತು, ಬಾರದಿದ್ದರೆ ಆಗಲಿಲ್ಲ. ಸೊಳ್ಳೆ ಸತ್ತಿತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಹದಿಮೂರು ಫೋಟೋ ಬಂದಿದ್ದವು. ಜನ್ನಾಪುರದ್ದಿಲ್ಲ. ದಾಕ್ಷಾಯಣಿ ಫೋನ್ ಮಾಡಿದಳು.

‘ನಮ್ಮ ಬೀದೀಲಿ ಒಂದು ಸಾವಾಗಿದೆ ಮೇಡಂ,’ ಎಂದಿದ್ದಳು ಮೋನಿಕಾ. ‘ವಿಶಾಲಮ್ಮ ಅಂತ, ಅವರ ಮನೆಯವರು. ಯಾರೂ ಜಾಥಾಕ್ಕೆ ಬಂದಿಲ್ಲ.’

‘ಅಯ್ಯೋ ಪಾಪ. ಸರಿ, ಬ್ಯಾನರ್ ಹಿಡ್ಕೊಂಡು ಒಂದು ಫೋಟೋ ತೆಗೆಸಿ ಕಳ್ಸು ಸಾಕು ಮಾರಾಯ್ತಿ. ಹಿಂದೆ ಯಾರು ನಿಂತಿದ್ರೂ ನಡೆಯುತ್ತೆ.’

‘ಹಿಂದೆ ಹೆಣ ನೋಡೋಕೆ ಬಂದವರು ಕೂತಿದಾರೆ ಮೇಡಂ.’

‘ಬಸ್‌ಸ್ಟಾಪಿಗೆ ಹೋಗು ಹಂಗಾದ್ರೆ. ಐದು ನಿಮಿಷದ ಕೆಲಸ.’

‘ಆಗದೇ ಇದ್ದದ್ದನ್ನ ಆಯ್ತು ಅಂತ ಹೆಂಗೆ ಕಳಿಸ್ಲಿ? ಮುಂದಿನ ಶನಿವಾರ ಮಾಡ್ತೀನಿ. ಇವತ್ತು ಆಗಿಲ್ಲ ಅಂತ ಬರೀರಿ.’

ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಬೇರೆ ಮಾತು. ಆ ಹುಡುಗಿ ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲೇ ‘ಜನ್ನಾಪುರದಲ್ಲಿ ಇವತ್ತು ಕಾರ್ಯಕ್ರಮ ಆಗಿಲ್ಲ’ ಎಂದು ಹಾಕಿಬಿಟ್ಟಳು. ಜಿಲ್ಲಾ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಉರಿದುಬಿದ್ದರು. ಮಧ್ಯಾಹ್ನ ಮೇಲಿನವರ ಜೊತೆ ಮೀಟಿಂಗು, ಹದಿನಾಲ್ಕಕ್ಕೆ ಹದಿನಾಲ್ಕೂ ಆಗಬೇಕಿತ್ತು. ದಾಕ್ಷಾಯಣಿ ದುಶ್ಯಂತನಿಗೆ ಫೋನ್ ಮಾಡಿ, ‘ಹೊಳಲೂರಿನ ಕಾಗದದ ಮೇಲೆ ಜನ್ನಾಪುರದ್ದು ಬರೆದು ಅಂಟಿಸಿ ಇನ್ನೊಂದು ಫೋಟೋ ಕಳ್ಸು’ ಎಂದಳು. ಹುಡುಗ ಹೂಂ ಎಂದ, ಹತ್ತು ನಿಮಿಷದಲ್ಲಿ ಕಳಿಸಿದ. ಫೋಟೋದಲ್ಲಿ ಬ್ಯಾನರಿನ ಹಿಂದೆ ತುಂಗಭದ್ರಾ ಹೊಳೆ ಚೆಂದವಾಗಿ ಹರಿಯುತ್ತಿತ್ತು. ಜನ್ನಾಪುರಕ್ಕೆ ತುಂಗಭದ್ರೆ ಎಲ್ಲಿಂದ ಬಂದಳು ಎಂದು ಕೇಳುವಷ್ಟು ಜಿಲ್ಲೆ ಬಲ್ಲವರು ಮೇಲೆ ಯಾರೂ ಇರಲಿಲ್ಲ. ಸಂಜೆ ಸಾಹೇಬರು ಹೇಳಿದಂತೆ ಮೋನಿಕಾಳಿಗೆ ಮೆಮೊ ಹೋಯಿತು. ಒಕ್ಕಣೆ ದಾಕ್ಷಾಯಣಿಯದು.

ಇದೆಲ್ಲ ಅವಳು ಮರೆತಿದ್ದ ವಿಷಯ. ಮರೆತಿದ್ದಳೋ, ಮರೆತದ್ದು ಒಳ್ಳೆಯದೆಂದು ಬಿಟ್ಟಿದ್ದಳೋ, ಅದು ಅವಳಿಗೇ ಸರಿಯಾಗಿ ಗೊತ್ತಿಲ್ಲ. ಈಗ ಅದನ್ನು ಬರೆದರೆ ಸುಳ್ಳು ವರದಿ ಕಳಿಸಿದವಳು ತಾನೇ ಎಂದು ಕಾಗದದ ಮೇಲಾಗುತ್ತದೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಬರೆಯದಿದ್ದರೆ ಮೋನಿಕಾಳ ಹಾಳೆಯಲ್ಲಿ ಆ ಮೆಮೊ ಹಾಗೇ ಉಳಿಯುತ್ತದೆ, ಕೆಲಸ ಹೋಗುತ್ತದೆ. ಬುಧವಾರ ಬೆಳಿಗ್ಗೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಭದ್ರಾವತಿಯ ಬಸ್ಸು ಹತ್ತಿದಳು. ಹುಡುಗಿಯೇ ‘ಬಿಡಿ ಮೇಡಂ, ಬೇಡ’ ಎಂದುಬಿಟ್ಟರೆ ತನ್ನ ಪಾಡು ಹಗುರಾಗುತ್ತದೆ ಎಂಬ ಆಸೆಯೂ ಒಳಗೊಳಗೇ ಇತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಜನ್ನಾಪುರದಲ್ಲಿ ಇಳಿದು ಮನೆ ಕೇಳಿದರೆ, ಅಂಗಡಿಯವನೂ ಹಾಲಿನವಳೂ ಒಟ್ಟಿಗೇ ಕೈ ತೋರಿಸಿದರು. ಮೋನಿಕಾಳ ಅಪ್ಪ ಮಾರಪ್ಪ ಜಗುಲಿಯ ಮೇಲೆ ಕೂತಿದ್ದ. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗುತ್ತಿಗೆಯ ಮೇಲೆ ದುಡಿದವನು, ಈಗ ಬೆನ್ನುನೋವಿನಿಂದ ಮನೆಯಲ್ಲಿ. ಎದ್ದು ನಿಂತು ಕುರ್ಚಿ ಕೊಟ್ಟ.

‘ಏಪ್ರಿಲ್ ಒಂದನೇ ತಾರೀಕಿಂದ ಗಾರ್ಮೆಂಟ್ಸಿಗೆ ಹೇಳಿದೀನಿ ಮೇಡಂ. ವ್ಯಾನು ಇಲ್ಲೇ ಬಾಗಿಲಿಗೆ ಬರುತ್ತೆ,’ ಎಂದ. ‘ಅವಳಿಗೆ ಆ ಕೈದೀಪದ ಕೆಲಸದ ಮೇಲೇ ಮನಸ್ಸು. ಬೀದಿಯವರ ಕಾಗದ ಎಲ್ಲಾ ನಮ್ಮನೇಲೇ ಇರ್ತವೆ ನೋಡಿ. ಆದ್ರೆ ಮನಸ್ಸು ಅಂತ ಕೂತ್ರೆ ಆಗುತ್ತಾ?’

ಮೋನಿಕಾ ಕಾಫಿ ತಂದಳು. ತೆಳ್ಳಗಿನ ಹುಡುಗಿ, ತಾಲೀಮಿನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಹೆಸರು, ಊರು ಹೇಳಿ ನಿಲ್ಲಿಸುತ್ತಿದ್ದವಳು. ಮೇಡಂ ಮನೆಗೆ ಬಂದದ್ದು ಏಕೆಂದು ಅವಳಿಗೆ ಗೊತ್ತಿತ್ತು.

‘ನೀವು ಏನೂ ಬರೀಬೇಡಿ ಮೇಡಂ,’ ಎಂದಳು, ಕೇಳುವ ಮೊದಲೇ. ‘ನಿಮಗೆ ತೊಂದ್ರೆ ಆಗುತ್ತೆ.’

ಬಯಸಿದ ಮಾತೇ ಬಂತು. ಆದರೆ ದಾಕ್ಷಾಯಣಿ ಕಾಫಿಯನ್ನು ಕುಡಿಯದೆ ಕೆಳಗಿಟ್ಟಳು.

‘ಇಂಟರ್‌ವ್ಯೂನಲ್ಲಿ ನೀನೇ ಹೇಳ್ಬಹುದಿತ್ತಲ್ಲೇ, ನಡೆದದ್ದನ್ನ?’

‘ಹೇಳಿದ್ರೆ ನಿಮ್ಮ ಹೆಸರು ಬರುತ್ತೆ. ದುಶ್ಯಂತ್ ಹೆಸರೂ ಬರುತ್ತೆ. ಅವನಿಗೂ ಅದೇ ಕೆಲಸ ಬೇಕಲ್ಲ, ಅವನ ಮೇಲೆ ಹೇಳ್ದಂಗೆ ಆಗುತ್ತೆ.’

ಆಗ ದಾಕ್ಷಾಯಣಿಯ ಕಣ್ಣು ಕಿಟಕಿಯ ಕಟ್ಟೆಯ ಮೇಲಿದ್ದ ಡೈರಿಯ ಮೇಲೆ ಬಿತ್ತು. ಪ್ರತಿ ಸ್ವಯಂಸೇವಕರೂ ದಿನದ ಕೆಲಸ ಬರೆದಿಡಬೇಕಾದ ರಟ್ಟಿನ ಪುಸ್ತಕ. ತಿಂಗಳ ಕೊನೆಗೆ ಹದಿನಾಲ್ಕೂ ಡೈರಿಗಳು ದಾಕ್ಷಾಯಣಿಯ ಟೇಬಲ್ಲಿಗೆ ಬರುತ್ತಿದ್ದವು, ಅವಳು ತಿಂಗಳ ಕೊನೆಯ ಪುಟದಲ್ಲಿ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದಳು. ಎತ್ತಿಕೊಂಡು ಜುಲೈ ತೆರೆದಳು.

‘ಜುಲೈ 13. ಕಾರ್ಯಕ್ರಮ ಆಗಲಿಲ್ಲ. ವಿಶಾಲಮ್ಮನವರ ಮನೆಯವರು ತೀರಿಕೊಂಡರು. ಕುರ್ಚಿ ಜೋಡಿಸಿದೆ, ನೀರು ಕೊಟ್ಟೆ.’

‘ಜುಲೈ 20. ಜಾಥಾ ಮಾಡಿದೆವು. ಹನ್ನೊಂದು ಜನ ಬಂದರು. ಮೂವತ್ತೆರಡು ಮನೆಯ ತೊಟ್ಟಿ ತೊಳೆಸಿದೆವು. ಬ್ಯಾನರ್ ಇರಲಿಲ್ಲ, ಕಚೇರಿಗೆ ವಾಪಸ್ ಕೊಟ್ಟಿದ್ದೆ.’

‘ಆಗಸ್ಟ್ 22. ವಿಶಾಲಮ್ಮನವರ ಜೊತೆ ತಾಲ್ಲೂಕು ಕಚೇರಿ, ನಾಲ್ಕನೇ ಸಲ. ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಿದೆ.’

‘ಸೆಪ್ಟೆಂಬರ್ 11. ಏಳನೇ ಸಲ. ಗುಮಾಸ್ತರು ಬೈದರು. ನಾನೂ ಬೈದೆ.’

‘ಅಕ್ಟೋಬರ್ 9. ವಿಶಾಲಮ್ಮನವರಿಗೆ ಪಿಂಚಣಿ ಮಂಜೂರಾಯಿತು. ಅತ್ತರು. ಇನ್ನೂ ನಾಲ್ಕು ಜನ ಹೆಂಗಸರು ಕಾಗದ ತಂದುಕೊಟ್ಟಿದ್ದಾರೆ.’

ಪ್ರತಿ ತಿಂಗಳ ಕೆಳಗೂ ದಾಕ್ಷಾಯಣಿಯದೇ ಸಹಿ, ಹಸಿರು ಇಂಕಿನಲ್ಲಿ. ಕೈದೀಪದವರು ಊರೆಲ್ಲ ಹುಡುಕುತ್ತಿದ್ದ ಕೆಲಸವನ್ನು ಈ ಹುಡುಗಿ ಎಂಟು ತಿಂಗಳಿಂದ ಮಾಡುತ್ತಿದ್ದಳು.

‘ಇದನ್ನೆಲ್ಲ ನಂಗೆ ಯಾಕೆ ಹೇಳಲಿಲ್ಲ?’ ಎಂದಳು. ದನಿ ಸಿಟ್ಟಿನದಾಗಿತ್ತು, ಸಿಟ್ಟು ಯಾರ ಮೇಲೆಂದು ಗೊತ್ತಿದ್ದೂ ಹುಡುಗಿಯ ಕಡೆಗೇ ತಿರುಗಿತ್ತು.

ಮೋನಿಕಾ ಗಾಬರಿಯಾದಳು. ‘ಬರ್ದಿದ್ನಲ್ಲ ಮೇಡಂ. ನೀವು ಸೈನ್ ಮಾಡಿದ್ರಲ್ಲ.’

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಮೇಡಂ ಓದಿದ್ದಾರೆ ಎಂದೇ ಅವಳು ನಂಬಿದ್ದಳು. ಓದಿಯೂ ಮೆಮೊ ಹಿಂದಕ್ಕೆ ಪಡೆಯಲಿಲ್ಲ, ಓದಿಯೂ ಏನೂ ಅನ್ನಲಿಲ್ಲ, ಆದರೂ ಅವಳು ಪ್ರತಿದಿನ ಬರೆಯುತ್ತಲೇ ಹೋಗಿದ್ದಳು. ದಾಕ್ಷಾಯಣಿಗೆ ನಾಚಿಕೆಯಾಯಿತು. ಐವತ್ತಾರು ವರ್ಷದ ಹೆಂಗಸು, ಹನ್ನೆರಡು ವರ್ಷದಿಂದ ಮೇಡಂ ಎನಿಸಿಕೊಂಡವಳು, ಆ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಳು.

‘ಓದಿರಲಿಲ್ಲ ಕಣೇ,’ ಎಂದಳು ಕೊನೆಗೆ. ‘ಸೈನ್ ಅಷ್ಟೇ ಮಾಡಿದ್ದು.’

ಮಾರಪ್ಪ ಬೀದಿಯ ಕಡೆ ನೋಡುತ್ತ ಕೂತ. ಮೋನಿಕಾ ತಣ್ಣಗಾದ ಕಾಫಿಯನ್ನು ಒಯ್ದು ಬಿಸಿ ಮಾಡಿ ತಂದಳು. ದಾಕ್ಷಾಯಣಿ ಈ ಸಲ ಕುಡಿದಳು, ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಗುರುವಾರ ಬೆಳಿಗ್ಗೆ ಕಚೇರಿಯಲ್ಲಿ ಹೊಸ ಪತ್ರ ಬರೆಯಲು ಕೂತಳು. ಕೈ ಹಳೆಯ ದಾರಿಗೇ ಎಳೆಯುತ್ತಿತ್ತು. ‘ನನ್ನ ಸೇವಾವಧಿಯಲ್ಲಿ’ ಎಂದು ತಾನಾಗಿ ಬರೆದುಕೊಂಡಿತು. ಹರಿದು ಹಾಕಿದಳು. ಮನೋಹರನಿಗೆ ಹರಿದಷ್ಟೇ, ನಾಲ್ಕು ಹಾಳೆ ಹರಿದಮೇಲೆ ಐದನೆಯದು ನಿಂತಿತು.

‘ಮೋನಿಕಾ ಅತ್ಯುತ್ತಮ ಸ್ವಯಂಸೇವಕಿಯೋ ಅಲ್ಲವೋ ನನಗೆ ತಿಳಿಯದು, ಏಕೆಂದರೆ ಉಳಿದವರ ಡೈರಿಗಳನ್ನು ನಾನು ಓದಿಲ್ಲ. ಇವಳದನ್ನು ನಿನ್ನೆ ಓದಿದೆ. ಜುಲೈ 13ರಂದು ಜನ್ನಾಪುರದಲ್ಲಿ ಕಾರ್ಯಕ್ರಮ ನಡೆದಿರಲಿಲ್ಲ. ನಡೆದಂತೆ ಫೋಟೋ ಕಳಿಸಲು ಇವಳಿಗೆ ಹೇಳಿದವಳು ನಾನು. ಇವಳು ಒಪ್ಪಲಿಲ್ಲ. ಬೇರೆ ಊರಿನಲ್ಲಿ ಆ ಫೋಟೋ ತೆಗೆಸಿದವಳೂ ನಾನೇ. ತೆಗೆದ ಹುಡುಗ ನನ್ನ ಮಾತು ಕೇಳಿದ, ಅಷ್ಟೇ. ಇವಳಿಗೆ ಕೊಟ್ಟ ಮೆಮೊ ತಪ್ಪು. ಅದನ್ನು ಬರೆದವಳೂ ನಾನು. ಹೇಳಿದಂತೆ ಮುಂದಿನ ಶನಿವಾರ ಇವಳು ಜಾಥಾ ಮಾಡಿದಳು. ಒಬ್ಬ ವಿಧವೆಯ ಪಿಂಚಣಿಗಾಗಿ ತಾಲ್ಲೂಕು ಕಚೇರಿಗೆ ಏಳು ಸಲಕ್ಕಿಂತ ಹೆಚ್ಚು ಹೋದಳು. ಡೈರಿ ಲಗತ್ತಿಸಿದೆ. ದಯವಿಟ್ಟು ಓದಿ.’

ಒಂದು ಪ್ರತಿ ಸಾಹೇಬರ ಟೇಬಲ್ಲಿನ ಮೇಲಿಟ್ಟು, ಇನ್ನೊಂದನ್ನು ಹಿಡಿದು ವಿನೋಬನಗರಕ್ಕೆ ಹೋದಳು. ವಿಜಯೇಂದ್ರ ನಿಂತೇ ಓದಿದರು, ಆಮೇಲೆ ಕೂತು ಇನ್ನೊಂದು ಸಲ ಓದಿದರು. ಈ ಬಾರಿ ನಗಲಿಲ್ಲ.

‘ಇದನ್ನ ನಾನು ಕಮಿಟಿಯವರಿಗೆ ತೋರಿಸ್ಬೇಕಾಗುತ್ತೆ ಮೇಡಂ. ನಿಮ್ಮ ಸಾಹೇಬರಿಗೆ ಗೊತ್ತಾದ್ರೆ?’

‘ಅವರಿಗೂ ಒಂದು ಕೊಟ್ಟೇ ಬಂದಿದೀನಿ ಸಾರ್.’

ಶುಕ್ರವಾರ ಸಂಜೆ ಮೋನಿಕಾಳ ಫೋನ್ ಬಂತು. ಏಪ್ರಿಲ್ ಒಂದರಿಂದ ಕೈದೀಪದಲ್ಲಿ ಕೆಲಸ. ಏನು ಹೇಳಬೇಕೆಂದು ತಿಳಿಯದೆ ‘ಊಟ ಆಯ್ತಾ ಮೇಡಂ’ ಎಂದಳು. ಇನ್ನೂ ಆರು ಗಂಟೆ. ದಾಕ್ಷಾಯಣಿ ಆಯ್ತು ಎಂದು ಸುಳ್ಳು ಹೇಳಿ, ಫೋನಿಟ್ಟು, ಚೆನ್ನಾಗಿ ಅತ್ತಳು.

ಸೋಮವಾರ ಅವಳಿಗೆ ಮೆಮೊ ಬಂತು. ‘ಶಿಸ್ತಿನ ಕೊರತೆ ಹಾಗೂ ಮೇಲಧಿಕಾರಿಗಳ ಸೂಚನೆಯ ಉಲ್ಲಂಘನೆ’ ಎಂದಿತ್ತು. ಸುಳ್ಳು ವರದಿಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಅನುಮತಿಯಿಲ್ಲದೆ ಹೊರಗಿನವರಿಗೆ ಪತ್ರ ಬರೆದದ್ದೇ ಅಪರಾಧ. ಒಕ್ಕಣೆ ಓದುತ್ತ ಹೋದಂತೆ ಅವಳಿಗೆ ನಗು ಬಂತು. ತಾನು ಮೋನಿಕಾಳಿಗೆ ಬರೆದದ್ದನ್ನೇ ಹೆಸರು ಬದಲಿಸಿ ಹಾಕಿದ್ದರು. ಅಲ್ಪವಿರಾಮ ಕೂಡ ಅವಳದೇ. ಸ್ವೀಕರಿಸಿದ್ದೇನೆ ಎಂದು ಸಹಿ ಮಾಡಿ ಕೊಟ್ಟಳು. ಮುಂದೆ ಏನಾಗುತ್ತದೋ ಅದು ಆಗಲಿ ಎನ್ನುವ ಧೈರ್ಯ ಆ ಕ್ಷಣಕ್ಕಂತೂ ಇತ್ತು.

ಮಧ್ಯಾಹ್ನ ದುಶ್ಯಂತ್ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ಬರುವ ಹುಡುಗ. ಕೂರು ಎಂದರೂ ಕೂರಲಿಲ್ಲ.

‘ಮೋನಿಕಾಗೆ ಸಿಕ್ಕಿದ್ದು ನಂಗೆ ಬೇಜಾರಿಲ್ಲ ಮೇಡಂ,’ ಎಂದ. ಬೇಜಾರು ಮುಖದ ತುಂಬ ಇತ್ತು. ‘ಸಾಗರದಲ್ಲಿ ಇನ್ನೊಂದು ಕೆಲಸ ಇದೆ, ಅರ್ಜಿ ಹಾಕ್ತಾ ಇದೀನಿ. ಲೆಟರ್ ಬೇಕಿತ್ತು. ಹಳೇದು ಬೇಡ.’

‘ಬರ್ಕೊಡ್ತೀನಿ.’

‘ಆ ಫೋಟೋ ವಿಷಯ ಅದರಲ್ಲಿ ಬರೀತೀರಾ?’

‘ಅವರು ಕೇಳಿದ್ರೆ ಹೇಳ್ತೀನಿ. ನಾನೇ ಮಾಡ್ಸಿದ್ದು ಅಂತ.’

‘ಅದು ಬಿಟ್ಟು ನನ್ನ ಬಗ್ಗೆ ಬರೆಯೋಕೆ ಬೇರೆ ಏನಾದ್ರೂ ಇದೆಯಾ ಮೇಡಂ?’ ಎಂದು ಕೇಳಿದ.

ಎರಡು ವರ್ಷ ಅವಳು ಅವನಿಗೆ ದಿನಕ್ಕೊಂದು ಸಲವಾದರೂ ಫೋನ್ ಮಾಡಿದ್ದಳು. ಹುಟ್ಟುಹಬ್ಬಕ್ಕೆ ಪೇಡೆ ಕೊಟ್ಟಿದ್ದಳು. ಅವನ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತು, ಅವನ ಅಂಗಿಯ ಅಳತೆ ಗೊತ್ತು. ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

‘ಗೊತ್ತಿಲ್ಲ ಮಾರಾಯ,’ ಎಂದಳು. ‘ಡೈರಿ ತಂದಿದೀಯಾ?’

ಅವನು ಚೀಲದಿಂದ ತೆಗೆದು ಕೊಟ್ಟ. ದಾಕ್ಷಾಯಣಿ ಕನ್ನಡಕ ಏರಿಸಿಕೊಂಡು ಮೊದಲನೆಯ ಪುಟ ತೆರೆದಳು.

‘ಕೂತ್ಕೋ,’ ಎಂದಳು. ‘ಟೈಮ್ ಹಿಡಿಯುತ್ತೆ.’